ದುರಸ್ತಿಯ ಹೊಣೆ: ವಾಹನಗಳ ರೀಕಾಲ್ ಮತ್ತು ಬಿಲ್ಲಿನ ವಿವಾದದ ಚಾರಿತ್ರಿಕ ಹಿನ್ನೆಲೆ

೧

ಒಂದು ವಸ್ತು ಕೆಟ್ಟಾಗ ಅದನ್ನು ಸರಿಪಡಿಸುವ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ವ್ಯವಹಾರದ ಪ್ರಶ್ನೆಯಂತೆ ಕಾಣುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಅದನ್ನು ವಕೀಲರಿಗೂ ವರ್ತಕರಿಗೂ ಬಿಟ್ಟುಕೊಟ್ಟಿರುವುದು ಇದೇ ಕಾರಣದಿಂದ. ಆದರೆ ಯಾವ ಕಾಲದಲ್ಲಿ ಯಾರು ಈ ಹೊಣೆಯನ್ನು ಹೊತ್ತರೆಂಬುದನ್ನು ವಿಚಾರಿಸುತ್ತ ಹೋದರೆ ಆಯಾ ಕಾಲದ ಸಮಾಜರಚನೆಯೇ ನಮ್ಮ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ. ದೋಷವುಳ್ಳ ಕಾರುಗಳನ್ನು ತಯಾರಕರು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡುವ, ವ್ಯವಹಾರದಲ್ಲಿ ರೀಕಾಲ್ ಎಂದು ಕರೆಯಲ್ಪಡುವ ಪದ್ಧತಿಯನ್ನೂ, ಆ ಸಂದರ್ಭದಲ್ಲಿ ಮಾಲೀಕನ ಕೈಗೆ ಅನಿರೀಕ್ಷಿತವಾಗಿ ಬರುವ ಬಿಲ್ಲಿನ ವಿವಾದವನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ವಿಚಾರಕ್ಕೆ ನಾವು ಆಯ್ದುಕೊಂಡಿರುವ ನೆಲೆ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕೊಣ್ಣೂರ. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ ಇದೇ ಹೆಸರಿನ ಇನ್ನೊಂದು ಊರಿದೆ. ರಾಷ್ಟ್ರಕೂಟ ಅಮೋಘವರ್ಷನ ಶಕ ೭೮೨ರ, ಅಂದರೆ ಕ್ರಿ. ಶ. ೮೬೦ರ ಶಾಸನಕ್ಕೆ ಪ್ರಸಿದ್ಧವಾದದ್ದು ಆ ಕೊಣ್ಣೂರ. ಇವೆರಡನ್ನೂ ಒಂದೆಂದು ಭ್ರಮಿಸಬಾರದು. ಗೋಕಾಕದ ಕೊಣ್ಣೂರವು ಶಾಸನಗಳಲ್ಲಿ ಕೊಂಡನೂರು ಎಂದು ಕಾಣಿಸಿಕೊಳ್ಳುತ್ತದೆ. ಇಲ್ಲಿಯ ಜಿನಾಲಯದ ಶಾಸನದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಗೆ ಸೇರಿದ ಕ್ರಿ. ಶ. ೧೦೮೭ ಹಾಗೂ ೧೧೨೧ರ ದತ್ತಿಗಳು ದಾಖಲೆಯಾಗಿವೆ. ಊರಿನ ಸಮೀಪದ ಬೃಹತ್ ಶಿಲಾಯುಗದ ಕಲ್ಮನೆಗಳು ಇದಕ್ಕಿಂತಲೂ ಬಹು ಹಿಂದಿನವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಘಟಪ್ರಭೆಯ ಜಲಪಾತದ ಬಳಿ ನೂಲಿನ ಗಿರಣಿ ನಡೆಯತೊಡಗಿದ ಮೇಲೆ ಗಿರಣಿಯ ಕೆಲಸಗಾರರಿಗೂ ಈ ಊರು ನೆಲೆಯಾಯಿತು. ಹೀಗೆ ಕಲ್ಲು, ಚಕ್ಕಡಿ, ಯಂತ್ರ ಈ ಮೂರನ್ನೂ ಕಂಡ ಊರು ಇದು.

ಕನ್ನಡ ನಾಡಿನ ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತನ್ನು ಇಲ್ಲಿ ಸ್ಮರಿಸಬೇಕು. ಅದು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕಾಗಿ ಭೂಮಿಯನ್ನೋ ಸುಂಕವನ್ನೋ ದಾನಿಯು ಮೊದಲೇ ಬಿಟ್ಟುಕೊಡುತ್ತಿದ್ದನು. ಕಟ್ಟಿದವನ ಕರ್ತವ್ಯ ಕಟ್ಟುವುದರೊಂದಿಗೆ ಮುಗಿಯುವುದಿಲ್ಲ, ಮುಂದೆ ಒದಗಬಹುದಾದ ದುರಸ್ತಿಗೂ ಅವನು ಏರ್ಪಾಡು ಮಾಡಿರಬೇಕೆಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ದೇವಾಲಯದ ದುರಸ್ತಿಗೂ ವಾಹನದ ದುರಸ್ತಿಗೂ ನೇರವಾದ ಸಂಬಂಧವಿದೆಯೆಂದು ನಾವು ವಾದಿಸುತ್ತಿಲ್ಲ. ದುರಸ್ತಿಯ ವೆಚ್ಚ ಯಾರದೆಂಬುದನ್ನು ವಸ್ತು ಕೆಡುವ ಮುನ್ನವೇ ಬರೆದಿಡಬೇಕೆಂಬ ಎಚ್ಚರ ಈ ನಾಡಿಗೆ ಹೊಸದಲ್ಲವೆಂಬುದಷ್ಟೇ ನಮ್ಮ ಅಭಿಪ್ರಾಯ.

೨

ದೇವಾಲಯಗಳಿಂದ ಒಕ್ಕಲುತನದ ಉಪಕರಣಗಳ ಕಡೆಗೆ ಬಂದರೆ ಆಯದ ಪದ್ಧತಿಯನ್ನು ಕಾಣುತ್ತೇವೆ. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಬಡಿಗನೂ ಕಮ್ಮಾರನೂ ಊರಿನ ಆಯಗಾರರು. ಒಕ್ಕಲಿಗನ ನೇಗಿಲು, ಕೂರಿಗೆ, ಕುಂಟೆಗಳನ್ನು ವರ್ಷವಿಡೀ ಸರಿಪಡಿಸಿ ಕೊಡುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲನ್ನು ಪಡೆಯುವುದು ಅವರ ಹಕ್ಕು. ಒಂದೊಂದು ದುರಸ್ತಿಗೂ ಬೇರೆ ಬೇರೆ ಲೆಕ್ಕವಿರಲಿಲ್ಲ. ಕಟ್ಟಿಗೆ ಮತ್ತು ಕಬ್ಬಿಣವನ್ನು ಸಾಮಾನ್ಯವಾಗಿ ಒಕ್ಕಲಿಗನು ಒದಗಿಸುತ್ತಿದ್ದನು, ಕೈಕೆಲಸ ಆಯಗಾರನದು. ಹೊಸ ಚಕ್ಕಡಿಯನ್ನು ಕಟ್ಟಿಸಬೇಕಾದರೆ ಮಾತ್ರ ಅದಕ್ಕೆ ಪ್ರತ್ಯೇಕವಾದ ಕೂಲಿ ಉಂಟು.

ಈ ಪದ್ಧತಿಯಲ್ಲಿ ಎರಡು ಗೆರೆಗಳು ಸ್ಪಷ್ಟವಾಗಿದ್ದುವು. ಸಾಮಗ್ರಿಗೂ ಕೈಕೆಲಸಕ್ಕೂ ನಡುವೆ ಒಂದು, ದುರಸ್ತಿಗೂ ಹೊಸ ಕೆಲಸಕ್ಕೂ ನಡುವೆ ಇನ್ನೊಂದು. ತಕರಾರು ಹುಟ್ಟುವ ಜಾಗವೂ ಈ ಎರಡನೆಯ ಗೆರೆಯೇ. ಗಾಲಿಯ ಒಂದು ಅರವನ್ನು ಬದಲಿಸಿದರೆ ಅದು ದುರಸ್ತಿ. ಗಾಲಿಯನ್ನೇ ಬದಲಿಸಿದರೆ ಅದು ಹೊಸ ಕೆಲಸ. ಇವೆರಡರ ಮಧ್ಯದ ಕೆಲಸ ಯಾವ ಲೆಕ್ಕಕ್ಕೆ ಸೇರಬೇಕು? ಇಂದು ಸರ್ವಿಸ್ ಸೆಂಟರಿನ ಕಟ್ಟೆಯ ಬಳಿ ಕೇಳಿಬರುವುದೂ ಇದೇ ಪ್ರಶ್ನೆ.

ಆಯದ ಪದ್ಧತಿಯನ್ನು ಹೊಗಳುವುದು ನಮ್ಮ ಇಂಗಿತವಲ್ಲ. ಅದು ಜಾತಿಗೂ ವಂಶಕ್ಕೂ ಕಟ್ಟುಬಿದ್ದದ್ದಾಗಿತ್ತು. ಕೆಲಸವನ್ನು ನಿರಾಕರಿಸುವ ಸ್ವಾತಂತ್ರ್ಯ ಆಯಗಾರನಿಗೆ ಇರಲಿಲ್ಲವೆಂದೇ ಹೇಳಬೇಕು, ತನ್ನ ಕೈಕೆಲಸಕ್ಕೆ ಬೆಲೆ ಕಟ್ಟುವ ಅಧಿಕಾರವೂ ಅವನಿಗಿರಲಿಲ್ಲ. ಆದರೆ ಅಲ್ಲಿ ಮಾಡಿದವನೂ ಸರಿಪಡಿಸುವವನೂ ಒಬ್ಬನೇ, ಅವನು ಅದೇ ಊರಿನವನು. ಮಾಡಿದವನು ಬೇರೆ, ಮಾರಿದವನು ಬೇರೆ, ಸರಿಪಡಿಸುವವನು ಬೇರೆ ಎಂಬ ಸ್ಥಿತಿ ಬಂದದ್ದು ಯಂತ್ರಯುಗದಲ್ಲಿ. ರೀಕಾಲ್ ವಿವಾದದ ಬೇರು ಇರುವುದು ಈ ಬೇರ್ಪಡೆಯಲ್ಲಿ.

೩

ಬ್ರಿಟಿಷ್ ಆಡಳಿತ ರಚಿಸಿದ ಎರಡು ಶಾಸನಗಳು ಈ ಹೊಸ ಸ್ಥಿತಿಗೆ ಚೌಕಟ್ಟನ್ನು ಒದಗಿಸಿದವು. ೧೮೭೨ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ದುರಸ್ತಿಗೆ ಕೊಟ್ಟ ವಸ್ತುವು ದುರಸ್ತಿಗಾರನ ಬಳಿ ನಿಕ್ಷೇಪವಾಗಿರುತ್ತದೆ. ಅದೇ ಕಾಯಿದೆಯ ೧೭೦ನೆಯ ಕಲಮು, ನಿಕ್ಷೇಪದ ಉದ್ದೇಶಕ್ಕೆ ಅನುಸಾರವಾಗಿ ಶ್ರಮ ಅಥವಾ ಕೌಶಲವನ್ನು ವ್ಯಯಮಾಡಿದವನು ತನಗೆ ಸಲ್ಲಬೇಕಾದ ಪ್ರತಿಫಲ ಬರುವವರೆಗೆ, ವ್ಯತಿರಿಕ್ತವಾದ ಕರಾರು ಇಲ್ಲದಿದ್ದಲ್ಲಿ, ಆ ವಸ್ತುವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳಬಹುದೆಂದು ವಿಧಿಸುತ್ತದೆ. ಗ್ಯಾರೇಜಿನವರು ಬಿಲ್ಲು ಸಲ್ಲುವವರೆಗೆ ಕೀಲಿಯನ್ನು ಕೊಡದಿರುವುದರ ಹಿಂದೆ ಇರುವ ನ್ಯಾಯ ಇದು. ೧೯೩೦ರ ಸರಕು ಮಾರಾಟ ಕಾಯಿದೆಯಾದರೋ ಕೊಳ್ಳುವವನು ತಾನೇ ನೋಡಿ ಕೊಳ್ಳಬೇಕೆಂಬ ಹಳೆಯ ತತ್ತ್ವವನ್ನು ಮುಖ್ಯವಾಗಿ ಎತ್ತಿಹಿಡಿದು, ೧೬ನೆಯ ಕಲಮಿನಲ್ಲಿ ಕೆಲವು ಅಪವಾದಗಳನ್ನು ಮಾತ್ರ ಒಪ್ಪಿಕೊಂಡಿತು.

ಮೋಟಾರು ವಾಹನಗಳಿಗೆ ಸಂಬಂಧಿಸಿದ ೧೯೧೪, ೧೯೩೯ ಹಾಗೂ ೧೯೮೮ರ ಕಾಯಿದೆಗಳು ನೋಂದಣಿ, ಚಾಲಕರ ಲೈಸೆನ್ಸು, ಪರವಾನಗಿ ಮೊದಲಾದ ವಿಷಯಗಳಿಗೆ ಮಹತ್ವ ಕೊಟ್ಟವು. ತಯಾರಿಕೆಯಲ್ಲೇ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಸಬೇಕೆಂಬ ವಿಧಿ ಆಗ ಅವುಗಳಲ್ಲಿ ಸೇರಲಿಲ್ಲ. ಇದಕ್ಕೆ ಆರ್ಥಿಕ ಕಾರಣವೂ ಉಂಟು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬೆರಳೆಣಿಕೆಯ ಕಂಪನಿಗಳು ಮಾತ್ರ ಕಾರುಗಳನ್ನು ತಯಾರಿಸುತ್ತಿದ್ದವು, ಕೊಳ್ಳುವವನು ಹಣವನ್ನು ಮುಂಗಡವಾಗಿ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಸರದಿಯಲ್ಲಿ ನಿಂತವನು ದೋಷದ ಮಾತೆತ್ತುವುದು ಸುಲಭವಲ್ಲ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಕಾರು ಹೊರಬಂದ ತರುವಾಯ ಈ ಸ್ಥಿತಿ ನಿಧಾನವಾಗಿ ಬದಲಾಯಿತು.

ಕಾನೂನಿನಲ್ಲಿಯೂ ಇದೇ ಕಾಲದಲ್ಲಿ ಬದಲಾವಣೆ ಕಾಣುತ್ತದೆ. ೧೯೬೯ರ ಏಕಸ್ವಾಮ್ಯ ನಿಯಂತ್ರಣ ಕಾಯಿದೆಗೆ ೧೯೮೪ರಲ್ಲಿ ತಿದ್ದುಪಡಿಯಾಗಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಪರಿಕಲ್ಪನೆ ಬಂದಿತು. ಅದರ ಬೆನ್ನಲ್ಲೇ ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಹಂತದ ವೇದಿಕೆಗಳನ್ನು ಸ್ಥಾಪಿಸಿತು. ‘ಸೇವಾ ನ್ಯೂನತೆ’ ಎಂಬ ಮಾತು ಸಾಮಾನ್ಯ ನಾಗರಿಕನ ಬಾಯಿಗೆ ಬಂದದ್ದು ಈ ಕಾಯಿದೆಯಿಂದ.

೪

ರೀಕಾಲ್ ಪದ್ಧತಿಯು ಕಾನೂನಿನ ಸ್ವರೂಪವನ್ನು ಪಡೆದದ್ದು ಅಮೆರಿಕದಲ್ಲಿ. ೧೯೬೫ರಲ್ಲಿ ರಾಲ್ಫ್ ನೇಡರ್ ಅವರು ಕಾರುಗಳ ಸುರಕ್ಷತೆಯನ್ನು ಕುರಿತು ಬರೆದ ಪುಸ್ತಕ ಅಲ್ಲಿ ದೊಡ್ಡ ಚರ್ಚೆಯನ್ನು ಎಬ್ಬಿಸಿತು. ೧೯೬೬ರಲ್ಲಿ ವಾಹನ ಸುರಕ್ಷತಾ ಕಾಯಿದೆ ಬಂದಿತು. ಆದರೆ ಆ ಕಾಯಿದೆ ತಯಾರಕನ ಮೇಲೆ ಹೊರಿಸಿದ್ದು ದೋಷವನ್ನು ಮಾಲೀಕರಿಗೆ ತಿಳಿಸುವ ಹೊಣೆಯನ್ನು ಮಾತ್ರ, ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡುವ ಹೊಣೆಯನ್ನಲ್ಲ. ಜನರಲ್ ಮೋಟಾರ್ಸ್ ಕಂಪನಿಯ ಕೋರ್ವೇರ್ ಕಾರುಗಳ ಹೀಟರಿನಿಂದ ವಿಷಾನಿಲ ಒಳಗೆ ಬರಬಹುದೆಂದು ೧೯೭೦ರ ದಶಕದ ಆರಂಭದಲ್ಲಿ ಮಾಲೀಕರಿಗೆ ಸೂಚನೆ ಹೋಯಿತು. ದುರಸ್ತಿಯ ವೆಚ್ಚ ಮಾತ್ರ ಮಾಲೀಕರ ಪಾಲಿಗೇ ಉಳಿಯಿತು. ದುರಸ್ತಿಯನ್ನು ತಯಾರಕನೇ ಉಚಿತವಾಗಿ ಮಾಡಿಕೊಡಬೇಕೆಂಬ ವಿಧಿ ಸೇರಿದ್ದು ೧೯೭೪ರ ತಿದ್ದುಪಡಿಯಲ್ಲಿ. ‘ನಿಮ್ಮ ವಾಹನದಲ್ಲಿ ದೋಷವಿದೆ’ ಎಂಬ ಮಾತಿನಿಂದ ‘ಅದನ್ನು ನಮ್ಮ ಖರ್ಚಿನಲ್ಲಿ ಸರಿಪಡಿಸುತ್ತೇವೆ’ ಎಂಬ ಮಾತಿಗೆ ಬರಲು ಅಲ್ಲಿ ಎಂಟು ವರ್ಷಗಳು ಹಿಡಿದವು. ರೀಕಾಲ್ ಎಂದೊಡನೆ ಉಚಿತವೆಂಬ ಅರ್ಥ ತಾನಾಗಿ ಬರಲಿಲ್ಲ, ಹೋರಾಡಿ ಪಡೆದುಕೊಂಡದ್ದು ಅದು ಎಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ದೇಶದಲ್ಲಿ ದಾರಿ ಬೇರೆಯಾಯಿತು. ಇಲ್ಲಿ ರೂಢಿ ಮೊದಲು ಬಂದಿತು, ಕಾನೂನು ಆಮೇಲೆ. ೨೦೧೦ರ ಜನವರಿಯಲ್ಲಿ ಹೋಂಡಾ ಕಂಪನಿಯು ೮,೫೩೨ ಸಿಟಿ ಕಾರುಗಳನ್ನೂ, ಮುಂದಿನ ತಿಂಗಳು ಮಾರುತಿ ಕಂಪನಿಯು ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನೂ ತಾವಾಗಿಯೇ ಕರೆಸಿಕೊಂಡವು. ೨೦೧೨ರ ಜುಲೈಯಲ್ಲಿ ವಾಹನ ತಯಾರಕರ ಸಂಘವು ಸ್ವಯಂಪ್ರೇರಿತ ರೀಕಾಲ್‌ಗೆ ಒಂದು ಸಂಹಿತೆಯನ್ನು ಪ್ರಕಟಿಸಿತು. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಮೂಲ ಕಾಯಿದೆಗೆ ೧೧೦-ಎ ಎಂಬ ಕಲಮನ್ನು ಸೇರಿಸಿತು. ದೋಷವು ಪರಿಸರಕ್ಕಾಗಲಿ, ಚಾಲಕನಿಗಾಗಲಿ, ಪ್ರಯಾಣಿಕರಿಗಾಗಲಿ, ರಸ್ತೆಯ ಇತರ ಬಳಕೆದಾರರಿಗಾಗಲಿ ಹಾನಿ ತರಬಹುದಾದರೆ ಆ ಬಗೆಯ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಕೇಂದ್ರ ಸರಕಾರ ಆಜ್ಞಾಪಿಸಬಹುದು. ಹಾಗಾದಾಗ ತಯಾರಕನು ವಾಹನದ ಬೆಲೆಯನ್ನು ಹಿಂದಿರುಗಿಸಬೇಕು, ಇಲ್ಲವೇ ಬದಲಿ ವಾಹನ ಕೊಡಬೇಕು, ಇಲ್ಲವೇ ದುರಸ್ತಿ ಮಾಡಿಕೊಡಬೇಕು. ತನ್ನ ತಯಾರಿಕೆಯ ದೋಷವನ್ನು ತಾನೇ ಕಂಡುಕೊಂಡು ಸರಕಾರಕ್ಕೆ ತಿಳಿಸಿ ಕರೆಸಿಕೊಂಡವನಿಗೆ ದಂಡದಿಂದ ವಿನಾಯಿತಿ ಉಂಟು. ಇದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ಅವು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಅನ್ವಯಿಸುತ್ತವೆ, ದಂಡವನ್ನು ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಗಳವರೆಗೆ ಗೊತ್ತುಪಡಿಸುತ್ತವೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ ಕಂಪನಿಯು ೧,೮೧,೭೫೪ ಪೆಟ್ರೋಲ್ ಕಾರುಗಳನ್ನು ಮೋಟಾರ್ ಜನರೇಟರ್ ಘಟಕದ ಸಂಭಾವ್ಯ ದೋಷಕ್ಕಾಗಿ ಕರೆಸಿ, ಬದಲಾವಣೆಯನ್ನು ಉಚಿತವಾಗಿ ಮಾಡಿಕೊಡುವುದಾಗಿ ಘೋಷಿಸಿತು. ಇಷ್ಟು ದೊಡ್ಡ ಸಂಖ್ಯೆಯ ವಾಹನಗಳು ಕರೆಯಲ್ಪಟ್ಟಾಗ ಆ ಕರೆ ಸಣ್ಣ ಊರುಗಳಿಗೂ ತಲುಪುತ್ತದೆ.

೫

ಕೊಣ್ಣೂರದ ಒಬ್ಬ ಗೃಹಸ್ಥರ ಕಾರಿಗೆ ಬಂದ ಇಂಥದೊಂದು ಕರೆಯ ಕಾಗದಪತ್ರಗಳು ನಮಗೆ ನೋಡಲು ದೊರೆತವು. ಅವರ ಹೆಸರಾಗಲಿ ಕಂಪನಿಯ ಹೆಸರಾಗಲಿ ನಮ್ಮ ವಿಚಾರಕ್ಕೆ ಅವಶ್ಯವಿಲ್ಲ. ಕಟ್ಟಿನಲ್ಲಿ ನಾಲ್ಕು ಪತ್ರಗಳಿದ್ದವು: ಕರೆಯ ಸಂದೇಶದ ಪ್ರತಿ, ಕಾರನ್ನು ಒಪ್ಪಿಸಿದಾಗಿನ ಜಾಬ್ ಕಾರ್ಡು, ಬಿಲ್ಲು ಮತ್ತು ಹಣ ಸಂದ ರಸೀದಿ. ಕರೆಯಲ್ಲಿ ಬ್ರೇಕಿಗೆ ಸಂಬಂಧಿಸಿದ ಒಂದು ಭಾಗವನ್ನು ಉಚಿತವಾಗಿ ಬದಲಿಸುವುದಾಗಿ ಹೇಳಲಾಗಿತ್ತು. ಜಾಬ್ ಕಾರ್ಡಿನಲ್ಲಿ ಅದೊಂದೇ ಕೆಲಸ ದಾಖಲಾಗಿತ್ತು. ಬಿಲ್ಲಿನಲ್ಲಿಯಾದರೋ ಆ ಭಾಗದ ಮುಂದೆ ಸೊನ್ನೆ ಇದ್ದರೂ, ಅದರ ಕೆಳಗೆ ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡು, ವೀಲ್ ಅಲೈನ್‌ಮೆಂಟು, ತೊಳೆದದ್ದು ಹಾಗೂ ಲೇಬರ್ ಚಾರ್ಜು ಎಂದು ಐದು ಬಾಬುಗಳು ಸೇರಿದ್ದವು. ಅಂದಾಜು ಪತ್ರ ಇರಲಿಲ್ಲ. ಹಣ ಕಟ್ಟದೆ ಕಾರು ಕೈಗೆ ಬರುವಂತಿರಲಿಲ್ಲವಾದ್ದರಿಂದ ಅವರು ಹಣ ಕಟ್ಟಿದರು. ಅವರ ಪ್ರಶ್ನೆ ಸರಳವಾದದ್ದು: ‘ನಾವಾಗಿ ಹೋಗಿರಲಿಲ್ಲ, ಅವರೇ ಕರೆದರು. ಕರೆದವರು ಬಿಲ್ಲು ಕೊಡುವುದು ಹೇಗೆ?’

ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಅದು ಬಿಲ್ಲಿನ ಎಲ್ಲ ಬಾಬುಗಳಿಗೂ ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಶಾಸನವೊಂದನ್ನು ಓದುವಾಗ ಮೂಲಪಾಠವನ್ನೂ ತರುವಾಯದ ಸೇರ್ಪಡೆಯನ್ನೂ ಬೇರ್ಪಡಿಸಿಕೊಳ್ಳುವಂತೆ ಬಿಲ್ಲನ್ನೂ ಮೂರಾಗಿ ವಿಂಗಡಿಸಬೇಕು. ಮೊದಲನೆಯದು, ಕರೆಯ ಕೆಲಸದ ಅವಿಭಾಜ್ಯ ಅಂಗಗಳು. ಆ ಭಾಗವನ್ನು ಬಿಚ್ಚಿದಾಗ ಆಯಿಲ್ ಹೊರಹೋಗುವುದು ಅನಿವಾರ್ಯವಾದರೆ ಮತ್ತೆ ತುಂಬುವ ಆಯಿಲ್ಲೂ ಅದಕ್ಕೆ ತಗಲುವ ಕೂಲಿಯೂ ಕರೆಯ ಕೆಲಸಕ್ಕೇ ಸೇರಬೇಕು. ಭಾಗವನ್ನು ಉಚಿತವೆಂದು ತೋರಿಸಿ ಅದನ್ನು ಕೂರಿಸಲು ಬೇಕಾದುದಕ್ಕೆ ಹಣ ಪಡೆದರೆ ಉಚಿತವೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಎರಡನೆಯದು, ಪರೀಕ್ಷೆಯ ವೇಳೆಯಲ್ಲಿ ಕಂಡುಬಂದ ಸವಕಳಿ. ಬ್ರೇಕ್ ಪ್ಯಾಡು ಓಡಾಟದಿಂದ ಸವೆಯುವ ವಸ್ತು, ಅದರ ವೆಚ್ಚ ಸ್ವಭಾವತಃ ಮಾಲೀಕನದು. ಆದರೆ ಅದನ್ನು ಬದಲಿಸಬೇಕೋ ಬೇಡವೋ, ಅಲ್ಲಿಯೇ ಬದಲಿಸಬೇಕೋ ಊರಿನ ಮಿಸ್ತ್ರಿಯ ಕೈಯಲ್ಲಿ ಬದಲಿಸಬೇಕೋ ಎಂಬ ನಿರ್ಧಾರವೂ ಮಾಲೀಕನದೇ. ಕೇಳದೆ ಮಾಡಿದ ಕೆಲಸ ಒಳ್ಳೆಯದಾಗಿದ್ದರೂ ಒಪ್ಪಿಗೆಯ ಕೆಲಸವಾಗದು. ಮೂರನೆಯದು, ಮಾಲೀಕನೇ ಕೇಳಿ ಮಾಡಿಸಿಕೊಂಡದ್ದು. ಅದರಲ್ಲಿ ವಿವಾದಕ್ಕೆ ಎಡೆಯಿಲ್ಲ.

ಸರ್ವಿಸ್ ಸೆಂಟರಿನ ಪಕ್ಷವನ್ನೂ ಇಲ್ಲಿ ಹೇಳಬೇಕಾದದ್ದು ನ್ಯಾಯ. ಬ್ರೇಕಿನ ಕೆಲಸಕ್ಕೆ ಬಂದ ಕಾರಿನಲ್ಲಿ ಸವೆದ ಪ್ಯಾಡನ್ನು ಕಂಡೂ ಹಾಗೆಯೇ ಬಿಟ್ಟು ಕಳುಹಿಸಿ, ಆಮೇಲೆ ಅಪಘಾತವಾದರೆ ದೂರು ಅವರ ಮೇಲೆಯೇ ಬರುತ್ತದೆ. ಈ ಭಯ ಸಕಾರಣವಾದದ್ದು. ಆದರೆ ಆ ಭಯಕ್ಕೆ ಉತ್ತರ ಮಾಲೀಕನಿಗೆ ಲಿಖಿತವಾಗಿ ತಿಳಿಸುವುದು, ಅವನು ಬೇಡವೆಂದರೆ ಅದನ್ನೂ ಬರೆಯಿಸಿಕೊಳ್ಳುವುದು. ತಿಳಿಸುವ ಕರ್ತವ್ಯವು ವಸೂಲಿಯ ಹಕ್ಕಾಗಿ ಮಾರ್ಪಡಲಾರದು.

೬

ಈಗ ಕಾನೂನಿನ ನೆಲೆಯನ್ನು ನೋಡೋಣ. ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ರೀಕಾಲ್ ವಿವಾದವೆಲ್ಲ ಅದರಡಿಗೆ ಬರುತ್ತದೆಂದು ಭಾವಿಸುವುದು ಸಹಜ. ಆದರೆ ಆ ಅಧ್ಯಾಯ ಹೇಳುವ ‘ಹಾನಿ’ಯ ವ್ಯಾಖ್ಯೆಯಿಂದ ಉತ್ಪನ್ನಕ್ಕೇ ಆದ ಹಾನಿಯನ್ನೂ ಕೇವಲ ಹಣಕಾಸಿನ ನಷ್ಟವನ್ನೂ ಹೊರಗಿಡಲಾಗಿದೆ. ಆದುದರಿಂದ ಬಿಲ್ಲಿನ ತಕರಾರು ಸೇವಾ ನ್ಯೂನತೆ ಹಾಗೂ ಅನುಚಿತ ವ್ಯಾಪಾರ ಪದ್ಧತಿ ಎಂಬ ಹಳೆಯ ಬಾಗಿಲುಗಳಿಂದಲೇ ಒಳಗೆ ಬರಬೇಕು. ದೇಹಕ್ಕೆ ಹಾನಿಯಾದಾಗಿನ ಮಾತು ಬೇರೆ. ಅಪಘಾತದಲ್ಲಿ ಏರ್‌ಬ್ಯಾಗು ತೆರೆಯದೆ ಹೋದ ಹುಂಡೈ ಕಾರಿನ ಮೊಕದ್ದಮೆಯಲ್ಲಿ ಪರಿಹಾರವನ್ನೂ ವಾಹನದ ಬದಲಾವಣೆಯನ್ನೂ ಸರ್ವೋಚ್ಚ ನ್ಯಾಯಾಲಯವು ೨೦೨೨ರ ಏಪ್ರಿಲಿನಲ್ಲಿ ಎತ್ತಿಹಿಡಿಯಿತು.

ಎರಡನೆಯ ತೊಡಕು ಪ್ರತಿವಾದಿ ಯಾರೆಂಬುದು. ಕರೆದವನು ತಯಾರಕ, ಬಿಲ್ಲು ಬರೆದವನು ಡೀಲರ್. ಟಾಟಾ ಮೋಟಾರ್ಸ್ ಮೊಕದ್ದಮೆಯೊಂದರಲ್ಲಿ ೨೦೨೧ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಬ್ಬರ ಸಂಬಂಧವೂ ಸ್ವತಂತ್ರ ವ್ಯವಹಾರಸ್ಥರದಾಗಿದ್ದಲ್ಲಿ ಡೀಲರನ ತಪ್ಪು ತಯಾರಕನಿಗೆ ಗೊತ್ತಿತ್ತೆಂದು ತೋರಿಸದ ಹೊರತು ಅವನನ್ನು ಹೊಣೆ ಮಾಡಲಾಗದೆಂದು ಹೇಳಿತು. ಆ ಮೊಕದ್ದಮೆ ಹೊಸ ಕಾರಿನ ಮಾರಾಟಕ್ಕೆ ಸಂಬಂಧಿಸಿದ್ದು. ರೀಕಾಲ್ ಸಂದರ್ಭದಲ್ಲಿ ಡೀಲರನು ತಯಾರಕನ ಪರವಾಗಿ ತಯಾರಕನದೇ ಕರ್ತವ್ಯವನ್ನು ನೆರವೇರಿಸುತ್ತಿರುವುದರಿಂದ, ಕನಿಷ್ಠ ಪಕ್ಷ ಕರೆಯ ಕೆಲಸದ ಮಟ್ಟಿಗೆ ಇಬ್ಬರನ್ನೂ ಕೂಡಿಸಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ. ಎರಡನೆಯ ಬಗೆಯ ಬಾಬುಗಳಿಗೆ ಮಾತ್ರ ಡೀಲರನೇ ಉತ್ತರ ಹೇಳಬೇಕು. ಬಿಲ್ಲನ್ನು ವಿಂಗಡಿಸದೆ ಮೊಕದ್ದಮೆ ಹೂಡಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ಪಾರಾಗುವ ಸಂಭವವುಂಟು.

ಮೂರನೆಯದು ಕಾರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು. ೧೭೦ನೆಯ ಕಲಮು ಕೊಡುವ ಹಕ್ಕು ‘ನಿಕ್ಷೇಪದ ಉದ್ದೇಶಕ್ಕೆ ಅನುಸಾರವಾಗಿ’ ಮಾಡಿದ ಕೆಲಸಕ್ಕೆ ಸೀಮಿತವಾದದ್ದೆಂಬುದನ್ನು ಮೇಲೆ ನೋಡಿದೆವು. ಕರೆಯ ಕೆಲಸವೊಂದಕ್ಕೇ ಒಪ್ಪಿಸಿದ ಕಾರಿನಲ್ಲಿ ಒಪ್ಪಿಗೆಯಿಲ್ಲದೆ ಮಾಡಿದ ಬೇರೆ ಕೆಲಸಕ್ಕೆ ಈ ಹಕ್ಕು ವಿಸ್ತರಿಸಲಾರದೆಂಬುದು ನಮ್ಮ ಅಭಿಪ್ರಾಯ. ಆದರೂ ಸಾಯಂಕಾಲ ಊರಿಗೆ ಮರಳಬೇಕಾದವನು ಕಲಮುಗಳನ್ನು ಓದಿ ಹೇಳುತ್ತ ನಿಲ್ಲಲಾರನು. ಅಂಥವನು ಬಿಲ್ಲಿನ ಮೇಲೆಯೇ ‘ಆಕ್ಷೇಪಣೆಯೊಡನೆ ಪಾವತಿ’ ಎಂದು ಬರೆದು ಸಹಿ ಮಾಡಿ, ಅದರ ಪ್ರತಿಯನ್ನು ಇಟ್ಟುಕೊಂಡು ಹಣ ಕಟ್ಟುವುದು ಉಚಿತ. ಹಣ ಕಟ್ಟಿದ್ದನ್ನೇ ಒಪ್ಪಿಗೆಯೆಂದು ಮುಂದೆ ವಾದಿಸುವುದಕ್ಕೆ ಆಗ ಆಸ್ಪದ ಕಡಿಮೆಯಾಗುತ್ತದೆ.

ಹಳೆಯ ಕಾಯಿದೆಯಡಿಯಲ್ಲಿ ಎದುರುಪಕ್ಷದವರು ವ್ಯವಹಾರ ನಡೆಸುವ ಅಥವಾ ವ್ಯಾಜ್ಯಕಾರಣ ಹುಟ್ಟಿದ ಜಿಲ್ಲೆಯಲ್ಲಿ ದೂರು ಕೊಡಬೇಕಾಗಿತ್ತು. ದೂರದ ನಗರದಲ್ಲಿ ಕಾರಿನ ಕೆಲಸ ಮಾಡಿಸಿದ ಕೊಣ್ಣೂರದವರು ಅಲ್ಲಿಗೇ ಅಲೆಯಬೇಕಾಗುತ್ತಿತ್ತು. ೨೦೧೯ರ ಕಾಯಿದೆಯ ೩೪ನೆಯ ಕಲಮು ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶ ಕೊಟ್ಟಿರುವುದರಿಂದ ಬೆಳಗಾವಿಯ ಜಿಲ್ಲಾ ಆಯೋಗವೇ ಸಾಕು. ದೂರಿಗೆ ಎರಡು ವರ್ಷಗಳ ಕಾಲಮಿತಿಯುಂಟು. ತೆತ್ತ ಪ್ರತಿಫಲ ಐದು ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ಅದಕ್ಕೂ ಮುನ್ನ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರನ್ನು ದಾಖಲಿಸಬಹುದು. ಸಣ್ಣ ಮೊತ್ತದ ವಿವಾದಗಳಿಗೆ ಈ ಬದಲಾವಣೆಗಳು ಎಷ್ಟು ಮುಖ್ಯವೆಂಬುದನ್ನು ಬಸ್ಸಿನ ಖರ್ಚನ್ನೂ ಕಳೆದುಹೋಗುವ ದಿನದ ದುಡಿಮೆಯನ್ನೂ ಲೆಕ್ಕ ಹಾಕಿದವರು ಬಲ್ಲರು.

ಎಲ್ಲಕ್ಕೂ ಆಧಾರವಾದದ್ದು ದಾಖಲೆ. ನರಗುಂದ ತಾಲ್ಲೂಕಿನ ಕೊಣ್ಣೂರದ ಶಾಸನವು ಹಳೆಯ ತಾಮ್ರಪಟವೊಂದರಲ್ಲಿದ್ದ ದತ್ತಿಯ ಪಾಠವನ್ನು ಮುಂದಿನವರು ಕಲ್ಲಿಗೆ ಇಳಿಸಿದ ಪ್ರತಿಯೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಹಕ್ಕು ಉಳಿಯಬೇಕಾದರೆ ಅದರ ಪತ್ರ ಉಳಿಯಬೇಕೆಂಬ ತಿಳಿವಳಿಕೆ ಅಂದಿನವರಿಗಿತ್ತು. ಕರೆಯ ಸಂದೇಶ, ಜಾಬ್ ಕಾರ್ಡು, ಅಂದಾಜು, ಬಿಲ್ಲು, ಕಳಚಿದ ಹಳೆಯ ಭಾಗ ಇವುಗಳಲ್ಲಿ ಒಂದು ಇಲ್ಲವಾದರೂ ವಾದದ ಸರಪಳಿ ತುಂಡಾಗುತ್ತದೆ. ಕೊಣ್ಣೂರದ ಗೃಹಸ್ಥರ ಕಟ್ಟಿನಲ್ಲಿ ಜಾಬ್ ಕಾರ್ಡು ಉಳಿದದ್ದರಿಂದಲೇ ಅವರು ಒಪ್ಪಿದ್ದ ಕೆಲಸ ಒಂದೇ ಎಂಬುದನ್ನು ನಾವು ನಿಶ್ಚಯವಾಗಿ ಹೇಳಬಲ್ಲೆವು.

೭

ಇಷ್ಟು ವಿಚಾರದಿಂದ ನಾವು ಕೆಲವು ನಿರ್ಣಯಗಳಿಗೆ ಬರಬಹುದು. ದುರಸ್ತಿಯ ಹೊಣೆಯನ್ನು ಮೊದಲೇ ಗೊತ್ತುಪಡಿಸುವ ಪದ್ಧತಿ ಈ ನಾಡಿನಲ್ಲಿ ದತ್ತಿಯ ರೂಪದಲ್ಲಿಯೂ ಆಯದ ರೂಪದಲ್ಲಿಯೂ ಇದ್ದಿತು. ತಯಾರಿಕೆ, ಮಾರಾಟ, ದುರಸ್ತಿಗಳು ಬೇರೆಬೇರೆಯಾದಾಗ ಆ ಹೊಣೆ ಕೊಳ್ಳುವವನ ತಲೆಯ ಮೇಲೆ ಬಿದ್ದಿತು. ೧೯೮೬ರಿಂದ ೨೦೨೧ರವರೆಗಿನ ಕಾನೂನುಗಳು ಅದನ್ನು ಹಂತಹಂತವಾಗಿ ತಯಾರಕನ ಕಡೆಗೆ ಮರಳಿಸಿದವು. ಆದರೆ ತಯಾರಕನ ದೋಷಕ್ಕೂ ಬಳಕೆಯ ಸವಕಳಿಗೂ ನಡುವಿನ ಗೆರೆಯನ್ನು ಬಿಲ್ಲು ಬರೆಯುವವನೇ ಎಳೆಯುವ ಪದ್ಧತಿ ಮಾತ್ರ ವ್ಯವಹಾರದಲ್ಲಿ ಉಳಿದುಕೊಂಡಿದೆ. ಕರೆಯ ಕೆಲಸಕ್ಕೆ ಪ್ರತ್ಯೇಕ ಜಾಬ್ ಕಾರ್ಡು, ಉಳಿದ ಒಂದೊಂದು ಬಾಬಿಗೂ ಕೆಲಸಕ್ಕೆ ಮುನ್ನ ಕನ್ನಡದಲ್ಲಿ ಲಿಖಿತ ಒಪ್ಪಿಗೆ, ಈ ಎರಡನ್ನು ಕಡ್ಡಾಯ ಮಾಡಿದರೆ ಇಂಥ ವಿವಾದಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಕೊನೆಯದಾಗಿ ಒಂದು ಸೂಚನೆ. ಜಿಲ್ಲಾ ಗ್ರಾಹಕ ಆಯೋಗಗಳ ಕಡತಗಳಲ್ಲಿ ಜಾಬ್ ಕಾರ್ಡುಗಳು, ಬಿಲ್ಲುಗಳು, ರಸೀದಿಗಳು, ಸಾಮಾನ್ಯ ಜನರ ಸ್ವಂತ ಮಾತಿನ ದೂರುಗಳು ಸಂಗ್ರಹವಾಗುತ್ತ ಬಂದಿವೆ. ನಮ್ಮ ಕಾಲದ ಸಾಮಾಜಿಕ ಇತಿಹಾಸವನ್ನು ಮುಂದೆ ಬರೆಯುವವರಿಗೆ ಇವು ಬಹುಮೂಲ್ಯವಾದ ಆಕರಗಳಾಗುವುವು. ಇತ್ಯರ್ಥವಾದ ಕಡತಗಳನ್ನು ನಾಶಗೊಳಿಸುವ ಮುನ್ನ ಅವುಗಳ ಮಾದರಿಗಳನ್ನಾದರೂ ಆರಿಸಿ ಪತ್ರಾಗಾರಕ್ಕೆ ಒಪ್ಪಿಸಬೇಕು. ಬೆಳಗಾವಿ ಜಿಲ್ಲೆಯ ಕಡತಗಳಿಂದ ಈ ಕೆಲಸವನ್ನು ಆರಂಭಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಸಾಧ್ಯವಾಗಬಹುದಾದ ಕಾರ್ಯ.